ಹಳೆಯ ವಾದ್ಯ, ಗುಜರಿ ಸಾಮಾನಿನಿಂದ ಶಿಲ್ಪ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ನನ್ನ ಶೆಡ್ಡಿಗೆ ಬರುವವರು, ಫೋನ್ ಮಾಡುವವರು, ಪ್ರದರ್ಶನದಲ್ಲಿ ನಿಂತು ಮಾತನಾಡಿಸುವವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕಲಿಯಬೇಕೆಂದು ಕೇಳಿದವರಿದ್ದಾರೆ, ಕೊಳ್ಳಬೇಕೆಂದು ಕೇಳಿದವರಿದ್ದಾರೆ, ಸಿಟ್ಟಿನಿಂದ ಕೇಳಿದವರೂ ಇದ್ದಾರೆ. ಸಿಟ್ಟಿನ ಪ್ರಶ್ನೆಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ.

ವಾದ್ಯವೆಂದರೆ ಸರಸ್ವತಿ. ಅದನ್ನು ಕೊಯ್ದು ಗೊಂಬೆ ಮಾಡುವುದು ಸರಿಯೇ?

ನುಡಿಯುವ ವಾದ್ಯವನ್ನು ಕೊಯ್ಯುವುದು ಸರಿಯಲ್ಲ. ಇದರಲ್ಲಿ ನನಗೂ ನಿಮಗೂ ಜಗಳವಿಲ್ಲ. ರಿಪೇರಿ ಮಾಡುವವರು ನೋಡಿ ಕೈಚೆಲ್ಲಿದ ವಾದ್ಯಕ್ಕೆ ಮಾತ್ರ ನಾನು ಗರಗಸ ಮುಟ್ಟಿಸುತ್ತೇನೆ. ಅಂಥ ವಾದ್ಯದ ಮುಂದಿನ ದಾರಿ ಏನು ಎಂಬುದನ್ನೂ ಗಮನಿಸಿ. ಮದುವೆ ಮೆರವಣಿಗೆಗೆ ಡಿಜೆ ಬಂದ ಮೇಲೆ ಎಷ್ಟೋ ಬ್ಯಾಂಡ್ ಕಂಪನಿಗಳ ಟ್ರಂಪೆಟ್, ಯುಫೋನಿಯಂಗಳು ಮೂಲೆ ಸೇರಿದವು. ಅವು ಗುಜರಿಗೆ ಹೋಗುವಾಗ ವಾದ್ಯವಾಗಿ ಹೋಗುವುದಿಲ್ಲ, ಕಿಲೋ ಲೆಕ್ಕದ ಹಿತ್ತಾಳೆಯಾಗಿ ಹೋಗುತ್ತವೆ. ಚೀಲದಲ್ಲಿ ಹೆಚ್ಚು ಹಿಡಿಸಲಿ ಎಂದು ಸುತ್ತಿಗೆಯಿಂದ ಜಜ್ಜಿ ಚಪ್ಪಟೆ ಮಾಡುತ್ತಾರೆ. ಅಲ್ಲಿಂದ ಕುಲುಮೆಗೆ, ಆಮೇಲೆ ಯಾರದೋ ಮನೆಯ ನಲ್ಲಿಯಾಗಬಹುದು. ಜಜ್ಜುವ ಮೊದಲು ನನ್ನ ಕೈಗೆ ಸಿಕ್ಕರೆ ಅದರ ಬಾಯಿ, ಬಾಗು, ತುಟಿ ತಾಗಿ ಸವೆದ ಜಾಗ ಉಳಿಯುತ್ತವೆ.

ಹಾಗಿದ್ದರೂ ನಿಮ್ಮ ಆಕ್ಷೇಪದಲ್ಲಿ ತೂಕವಿದೆ. ಮಹಾನವಮಿಗೆ ಪೂಜೆ ಪಡೆದ ವಸ್ತು ಅದು. ಆದ್ದರಿಂದ ಕಾಲು ತಾಗುವ ಎತ್ತರಕ್ಕೆ ವಾದ್ಯದ ಭಾಗ ಬರದಂತೆ ನೋಡಿಕೊಳ್ಳುತ್ತೇನೆ. ಚಪ್ಪಲಿ ಸ್ಟ್ಯಾಂಡ್, ಬಾಟಲಿ ಸ್ಟ್ಯಾಂಡ್, ಬೂದಿ ಬಟ್ಟಲು ಮಾಡಿಕೊಡಿ ಎಂದು ಕೇಳುವವರಿಗೆ ಒಂದೇ ಉತ್ತರ: ಆಗುವುದಿಲ್ಲ.

ರಿಪೇರಿಯಾಗುವ ವಾದ್ಯ ಯಾವುದು, ಆಗದ್ದು ಯಾವುದು? ಗುರುತಿಸುವುದು ಹೇಗೆ?

ಇದು ಗೊತ್ತಿಲ್ಲದೆ ಈ ಕೆಲಸಕ್ಕೆ ಇಳಿಯಲೇಬಾರದು. ಒಂದೊಂದಾಗಿ ಹೇಳುತ್ತೇನೆ.

ಪೇಟಿಯಿಂದ, ಅಂದರೆ ಹಾರ್ಮೋನಿಯಂನಿಂದ ಆರಂಭಿಸೋಣ. ಗಾಳಿ ಒತ್ತುವ ತಿದಿ ಹರಿದಿದ್ದರೆ ಹೊಸ ತಿದಿ ಕಟ್ಟಬಹುದು. ಬೆರಳಿನಿಂದ ಒತ್ತುವ ಪಟ್ಟಿ ಕಚ್ಚಿಕೊಂಡಿದ್ದರೆ ಸ್ಪ್ರಿಂಗ್ ಬದಲಿಸಬಹುದು. ಸ್ವರ ಹೊರಡಿಸುವ ಲೋಹದ ನಾಲಿಗೆ, ಅಂದರೆ ರೀಡ್, ಒಂದೆರಡು ಮುರಿದಿದ್ದರೂ ಬೇರೆ ಹಾಕಬಹುದು. ಒಳಗಿನ ರೀಡ್ ಬೋರ್ಡ್ ಉದ್ದಕ್ಕೂ ಸೀಳಿ, ಮರವೆಲ್ಲ ಹುಳು ತಿಂದು ಹಿಟ್ಟಾಗಿದ್ದರೆ ಮಾತ್ರ ಆಸೆ ಬಿಡಬೇಕು. ಆಗಲೂ ರೀಡುಗಳನ್ನು ಬೇರ್ಪಡಿಸಿ ಇಡಿ. ಮೂರೂವರೆ ಸಪ್ತಕದ ಪೇಟಿಯಲ್ಲಿ 42 ಪಟ್ಟಿ, ಎರಡು ಸಾಲಿನದಾದರೆ 84 ರೀಡು. ಹಳೆಯ ಪೇಟಿಗಳಲ್ಲಿ ಜರ್ಮನಿ ಅಥವಾ ಪ್ಯಾರಿಸ್ಸಿನ ರೀಡು ಇರುವುದುಂಟು. ಅವನ್ನು ಹುಡುಕಿಕೊಂಡು ಬರುವ ವಾದಕರು ಇವತ್ತಿಗೂ ಇದ್ದಾರೆ. ಅವನ್ನು ಒಡವೆಯಂತೆ ಶಿಲ್ಪಕ್ಕೆ ಅಂಟಿಸಿ ಹಾಳು ಮಾಡುವುದು ಬುದ್ಧಿವಂತಿಕೆಯಲ್ಲ. ರೀಡು ವಾದಕರಿಗೆ ಹೋಗಲಿ, ಪೆಟ್ಟಿಗೆ ನಮಗೆ ಬರಲಿ.

ತಬಲಾದ ಚರ್ಮ ಹರಿದಿದ್ದರೆ ಅದು ಹಾಳಾದ ತಬಲಾ ಅಲ್ಲ. ಚರ್ಮ ಬದಲಿಸುತ್ತಲೇ ಇರಬೇಕಾದ ಭಾಗ. ಎಡಗೈಯ ಲೋಹದ ಡಗ್ಗಾ ತಗ್ಗು ಬಿದ್ದಿದ್ದರೆ ಒಳಗಿನಿಂದ ತಟ್ಟಿ ಎತ್ತಬಹುದು. ಮರದ ಕೊಳಗ (ಒಡಲು) ಮೇಲಿನಿಂದ ಕೆಳಗಿನವರೆಗೆ ಬಿರಿದಿದ್ದರೆ ನಮ್ಮ ಪಾಲು.

ಸಿತಾರ್, ತಂಬೂರಿಗಳ ಬುರುಡೆ ಒಡೆದಿದ್ದರೂ ಅವಸರ ಬೇಡ. ಮಹಾರಾಷ್ಟ್ರದ ಮಿರಜ್ ಈ ಕೆಲಸಕ್ಕೇ ಹೆಸರಾದ ಊರು. ಅಲ್ಲಿನ ಸಿತಾರ್ ಮತ್ತು ತಂಬೂರಿಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದೆ. ಒಡೆದ ಬುರುಡೆ ಕೂಡಿಸುವ ಕೈಗಳು ಅಲ್ಲಿವೆ. ದಂಡವೇ ತಿರುಚಿಕೊಂಡಿದ್ದರೆ ಬೇರೆ ಮಾತು.

ಟ್ರಂಪೆಟ್, ಕಾರ್ನೆಟ್ಟಿನ ಪಿಸ್ಟನ್ ಸಿಕ್ಕಿಕೊಂಡಿದ್ದರೆ ಎಣ್ಣೆ ಬಿಟ್ಟು ಕೆಲವು ದಿನ ಇಡಿ, ಬಹಳ ಸಲ ಬಿಟ್ಟುಕೊಳ್ಳುತ್ತದೆ. ಮೇಲಿನ ತಗ್ಗುಗಳೂ ದೊಡ್ಡ ರೋಗವಲ್ಲ. ಕೊಳವೆಯ ಮೇಲೆ ಗುಲಾಬಿಗೆಂಪು ಚುಕ್ಕೆ ಕಂಡರೆ ಅದು ಬೇರೆ ಸಂಗತಿ. ಊದುವವರ ಉಸಿರಿನ ತೇವ ಒಳಗೆ ನಿಂತು ಹಿತ್ತಾಳೆಯಿಂದ ಸತು ಕರಗಿ ಹೋಗಿ, ಟೊಳ್ಳು ತಾಮ್ರ ಮಾತ್ರ ಉಳಿದಿರುತ್ತದೆ. ಅಂಥ ಕೊಳವೆ ಒಳಗಿನಿಂದ ಕೊಳೆತದ್ದು. ಬದಲಿಸದೆ ದಾರಿಯಿಲ್ಲ, ಬದಲಿಸುವ ಖರ್ಚಿಗೆ ಬೇರೆ ವಾದ್ಯವೇ ಬರುತ್ತದೆ. ಬಾಯಿಯ ಅಗಲ ಭಾಗ ಮಾತ್ರ ಚೆನ್ನಾಗಿಯೇ ಇರುತ್ತದೆ, ನಮಗೆ ಬೇಕಾದದ್ದೂ ಅದೇ.

ಸಾಮಾನು ಎಲ್ಲಿ ಸಿಗುತ್ತದೆ?

ಗುಜರಿ ಅಂಗಡಿ, ನಿಂತುಹೋದ ಬ್ಯಾಂಡ್ ಕಂಪನಿಗಳ ಮನೆ, ಭಜನಾ ಮಂಡಳಿಗಳ ಅಟ್ಟ, ಹಳೆಯ ನಾಟಕ ಕಂಪನಿಯವರ ಪೆಟಾರಿ. ಕಾಲಿನಿಂದ ತಿದಿ ಒತ್ತುವ ಕಾಲು ಪೇಟಿ ಬೇಕಿದ್ದರೆ ನಾಟಕದವರನ್ನೇ ಕೇಳಬೇಕು. ಭಜನೆಯವರ ಬಳಿ ಬುಲ್‌ಬುಲ್ ತರಂಗದ ಹಲಗೆಗಳು ಬಿದ್ದಿರುತ್ತವೆ. ಟೈಪ್‌ರೈಟರಿನಂಥ ಅದರ ಗುಂಡಿಗಳು ನನಗೆ ಬಹಳ ಇಷ್ಟ.

ವಾದ್ಯದ ಜೊತೆಗೆ ಸೇರಿಸುವ ಸಾಮಾನಿಗೆ ನಮ್ಮ ಜಿಲ್ಲೆಯಲ್ಲಿ ಬರವಿಲ್ಲ. ಚಕ್ಕಡಿ ಗಾಲಿಯ ಹಳಿ, ಬಿತ್ತುವ ಕೂರಿಗೆಯ ಬಟ್ಟಲು, ಕುಂಟೆಯ ಕುಡ, ಬಾವಿಯ ರಾಟೆ, ದಾಲ್‌ಮಿಲ್ಲಿನ ಸವೆದ ಜರಡಿ ತಗಡು. ತೊಗರಿಯ ನಾಡು ಇದು, ದಾಲ್‌ಮಿಲ್ಲಿನ ಜರಡಿ ಎಲ್ಲೆಂದರಲ್ಲಿ ಸಿಗುತ್ತದೆ. ಒಂದೇ ಅಳತೆಯ ಸಾವಿರಾರು ತೂತುಗಳಿರುವ ಆ ತಗಡನ್ನು ಬಾಗಿಸಿ ಹಿಂದೆ ಬೆಳಕು ಇಟ್ಟರೆ ಬೇರೆ ಅಲಂಕಾರವೇ ಬೇಡ.

ಗುಜರಿ ಅಂಗಡಿಯವರ ಜೊತೆ ಚೌಕಾಸಿ ಅತಿಯಾಗಿ ಮಾಡಬೇಡಿ. ಕಿಲೋ ದರಕ್ಕಿಂತ ಸ್ವಲ್ಪ ಮೇಲೆ ಕೊಟ್ಟು, ‘ವಾದ್ಯ ಬಂದರೆ ಜಜ್ಜಬೇಡಿ, ನನಗೆ ಫೋನ್ ಮಾಡಿ’ ಎಂದು ಹೇಳಿ ಬನ್ನಿ. ನಾಲ್ಕು ಅಂಗಡಿ ಸುತ್ತುವ ಪೆಟ್ರೋಲು ಉಳಿಯುತ್ತದೆ.

ಕಾನೂನಿನ ತೊಡಕು ಏನಾದರೂ ಇದೆಯೇ?

ಇದೆ, ಮತ್ತು ಯಾರೂ ಕೇಳುವುದಿಲ್ಲ. ಕೇಳದವರಿಗಾಗಿಯೇ ಈ ಪ್ರಶ್ನೆಯನ್ನು ನಾನೇ ಸೇರಿಸಿದ್ದೇನೆ.

ಮೊದಲನೆಯದು ಪ್ರಾಣಿಗಳ ಭಾಗ. ಹಳೆಯ ಖಂಜಿರಗಳಿಗೆ ಉಡದ ಚರ್ಮ ಬಿಗಿಯುತ್ತಿದ್ದರು. ಹಳೆಯ ಸಿತಾರಿನ ಕುದುರೆಗೆ (ತಂತಿ ಹಾದುಹೋಗುವ ಸೇತುವೆ), ಅಲಂಕಾರದ ಪಟ್ಟಿಗೆ ದಂತ ಅಥವಾ ಸಾರಂಗದ ಕೊಂಬು ಬಳಸುತ್ತಿದ್ದರು. ಹಳೆಯ ವಿದೇಶಿ ಪಿಯಾನೊಗಳ ಬಿಳಿ ಪಟ್ಟಿಯ ಮೇಲೂ ದಂತದ ತೆಳು ಹಾಳೆ ಇರಬಹುದು. ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ ಪ್ರಕಾರ ಇವುಗಳ ಮಾರಾಟ ಅಪರಾಧ. ‘ಅಜ್ಜನ ಕಾಲದ್ದು’ ಎಂದರೆ ಮಾರುವ ಹಕ್ಕು ಬರುವುದಿಲ್ಲ. ಅನುಮಾನವಿದ್ದರೆ ಮುಟ್ಟಬೇಡಿ.

ಎರಡನೆಯದು ವಯಸ್ಸು. ನೂರು ವರ್ಷ ದಾಟಿದ ಕಲಾವಸ್ತು, ಕರಕುಶಲ ವಸ್ತುಗಳು ಪುರಾತನ ವಸ್ತುಗಳ ಕಾಯ್ದೆಯ ವ್ಯಾಪ್ತಿಗೆ ಬರುತ್ತವೆ. ಅವನ್ನು ಖಾಸಗಿಯವರು ವಿದೇಶಕ್ಕೆ ಸಾಗಿಸುವಂತಿಲ್ಲ. ಇಷ್ಟು ಹಳೆಯದು ಸಿಕ್ಕರೆ ಕೊಯ್ಯುವ ಯೋಚನೆಯನ್ನೇ ಬಿಟ್ಟು ಬಲ್ಲವರಿಗೆ ತೋರಿಸಿ.

ಮೂರನೆಯದು ರೈಲು. ವಾಡಿ, ಶಹಾಬಾದ್ ಕಡೆ ಹಳಿಯ ಪಕ್ಕ ಬಿದ್ದ ಬೋಲ್ಟು, ಕೊಂಡಿ, ತಟ್ಟೆಗಳು ನೋಡಲು ಬಹಳ ಚೆಂದ. ಅವು ಬಿದ್ದ ವಸ್ತುಗಳಲ್ಲ, ರೈಲ್ವೆಯ ಆಸ್ತಿ. ಅದಕ್ಕೆಂದೇ 1966ರ ಕಾಯ್ದೆಯೊಂದಿದೆ, ಜೈಲು ಶಿಕ್ಷೆಯೂ ಇದೆ. ಅಕ್ಷರ ಕೆತ್ತಿದ ಗುಡಿಯ ಗಂಟೆ ಗುಜರಿಯಲ್ಲಿ ಕಂಡರೂ ಕೊಳ್ಳಬೇಡಿ. ಅದು ಅಲ್ಲಿಗೆ ತಾನಾಗಿ ನಡೆದುಬಂದಿರುವುದಿಲ್ಲ.

ಹೊಸಬರು ಏನು ಮಾಡಿ ಕೈ ಪಳಗಿಸಿಕೊಳ್ಳಬೇಕು?

ಏನನ್ನೂ ಕೊಯ್ಯದೆ ಒಂದು ಶಿಲ್ಪ ಮಾಡಿ. ಮೂರು ವಸ್ತು ಸಾಕು. ಅವನ್ನು ತಂತಿಯಿಂದ, ನಟ್ಟು ಬೋಲ್ಟಿನಿಂದ ಮಾತ್ರ ಕಟ್ಟಿ. ಬೇಡವೆನಿಸಿದರೆ ಬಿಚ್ಚಿ ಮತ್ತೆ ಕಟ್ಟಬಹುದು. ಉಪಕರಣವೂ ಹೆಚ್ಚು ಬೇಡ: ಹ್ಯಾಕ್ಸಾ, ಎರಡು ಅರ, ಇಕ್ಕಳ, ಕೈ ಡ್ರಿಲ್, ಕಣ್ಣಿಗೆ ಕನ್ನಡಕ. ಗ್ರೈಂಡರ್ ಕೊಳ್ಳುವ ಆಸೆ ಎಲ್ಲರಿಗೂ ಮೊದಲ ದಿನವೇ ಬರುತ್ತದೆ. ಟ್ರಂಪೆಟ್ಟಿನ ಬಾಯಿಯ ತಗಡು ಅರ್ಧ ಮಿಲಿಮೀಟರಿನ ಆಸುಪಾಸು ಇರುತ್ತದೆ, ಗ್ರೈಂಡರ್ ಅದನ್ನು ಕ್ಷಣದಲ್ಲಿ ಹರಿದುಹಾಕುತ್ತದೆ.

ತಂತಿ ವಾದ್ಯ ಬಿಚ್ಚುವಾಗ ಮೊದಲು ಎಲ್ಲ ತಂತಿಗಳನ್ನೂ ಬಿರಡೆ ತಿರುಗಿಸಿ ಸಡಿಲಿಸಿ. ಬಿಗಿದ ತಂತಿಗೆ ಇಕ್ಕಳ ಹಾಕಿದರೆ ಅದು ಹಾರುವುದು ಮುಖಕ್ಕೇ. ಹಳೆಯ ಪೇಟಿ, ಅಕಾರ್ಡಿಯನ್‌ಗಳ ಹೊಳೆಯುವ ಬಿಳಿ ಹೊದಿಕೆ ಸೆಲ್ಯುಲಾಯ್ಡ್ ಆಗಿರಬಹುದು. ಅದು ಬೆಂಕಿ ಕಂಡರೆ ಭಗ್ಗನೆ ಹೊತ್ತಿಕೊಳ್ಳುತ್ತದೆ, ಬೆಸುಗೆಯ ಹತ್ತಿರ ಇಡಲೇಬೇಡಿ. ಬೀಟೆ ಮರದ ಹುಡಿ ಕೆಲವರಿಗೆ ಮೈಮೇಲೆ ದದ್ದು ತರುತ್ತದೆ, ಉಜ್ಜುವಾಗ ಮಾಸ್ಕ್ ಇರಲಿ.

ಫೆವಿಕಾಲ್, ಅರಾಲ್ಡೈಟ್, ಎಂ-ಸೀಲ್ ಹಾಕಿದರೆ ಸಾಲದೇ?

ಬೆಂಗಳೂರಿನಲ್ಲಿ ಸಾಲಬಹುದು. ಕಲಬುರಗಿಯಲ್ಲಿ ಸಾಲದು. ಮೇ ತಿಂಗಳಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುತ್ತದೆ. ಬಿಸಿಲಿಗಿಟ್ಟ ಲೋಹ 60 ಮೀರುತ್ತದೆ. ಮನೆಯಲ್ಲಿ ಕಲಸಿ ಹಚ್ಚುವ ಸಾಮಾನ್ಯ ಎಪಾಕ್ಸಿ ಅಂಟುಗಳು ಆ ಶಾಖದ ಆಸುಪಾಸಿನಲ್ಲೇ ಬಿಗಿ ಕಳೆದುಕೊಳ್ಳುತ್ತವೆ. ಗ್ಲೂ ಗನ್ನಿನಿಂದ ಹಚ್ಚುವ ಬಿಸಿ ಅಂಟಿನ ಮಾತಂತೂ ಬೇಡ. ವಾದ್ಯ ಮಾಡುವವರು ಹಿಂದೆ ಬಳಸುತ್ತಿದ್ದ ಸರೇಸು ಎಂಬ ಅಂಟು ಕೂಡ ಶಾಖಕ್ಕೆ ಮೆತ್ತಗಾಗುವ ವಸ್ತುವೇ. ವಾದ್ಯ ಬಿಚ್ಚಲು ಅದೇ ನಮಗೆ ಅನುಕೂಲ: ಬಿಸಿನೀರಿನ ಬಟ್ಟೆ ಸುತ್ತಿಟ್ಟು, ತೆಳುವಾದ ಚಾಕು ಆಡಿಸಿದರೆ ಕೀಲು ಮುರಿಯದೆ ಬಿಚ್ಚಿಕೊಳ್ಳುತ್ತದೆ.

ಆದ್ದರಿಂದ ಭಾರ ಹೊರುವ ಜಾಗದಲ್ಲೆಲ್ಲ ಬೋಲ್ಟು, ರಿವೆಟ್ಟು, ತಂತಿ ಕಟ್ಟು ಇರಬೇಕು. ಅಂಟು ಸಂದು ತುಂಬಲು ಮಾತ್ರ. ಇನ್ನೊಂದು ಲೆಕ್ಕ ಗೊತ್ತಿರಲಿ. ಶಾಖ 30 ಡಿಗ್ರಿ ಏರಿದರೆ ಒಂದು ಮೀಟರ್ ಹಿತ್ತಾಳೆ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು ಹಿಗ್ಗುತ್ತದೆ, ಕಬ್ಬಿಣ ಅಷ್ಟು ಹಿಗ್ಗುವುದಿಲ್ಲ. ಅದು ಮಿಲಿಮೀಟರಿನ ಮೂರನೇ ಒಂದು ಪಾಲಿಗಿಂತ ತುಸು ಹೆಚ್ಚು, ಅಷ್ಟೇ. ಎರಡನ್ನೂ ಎರಡು ತುದಿಗೆ ಬಿಗಿದರೆ ನಡುವೆ ಎಳೆದಾಟ ನಡೆದು ತೆಳು ತಗಡು ಉಬ್ಬುತ್ತದೆ. ಒಂದು ತುದಿಯ ತೂತನ್ನು ಅರದಿಂದ ಉದ್ದ ಮಾಡಿ ಬೋಲ್ಟಿಗೆ ಸರಿದಾಡಲು ಜಾಗ ಬಿಡಿ. ಹಿತ್ತಾಳೆ, ಕಬ್ಬಿಣ ನೇರವಾಗಿ ತಾಗುವಲ್ಲಿ ರಬ್ಬರ್ ವಾಷರ್ ಹಾಕಿ, ಮಳೆಗಾಲದಲ್ಲಿ ಕಬ್ಬಿಣ ಬೇಗ ತುಕ್ಕು ಹಿಡಿಯುವುದು ಅಲ್ಲಿಯೇ.

ಹಿತ್ತಾಳೆಯನ್ನು ವೆಲ್ಡಿಂಗ್ ಮಾಡಬಹುದೇ?

ಗೇಟು ಮಾಡುವ ವೆಲ್ಡಿಂಗ್ ಅಂಗಡಿಗೆ ಒಯ್ಯಬೇಡಿ. ಹಿತ್ತಾಳೆಯೊಳಗಿನ ಸತು 907 ಡಿಗ್ರಿಗೆ ಕುದಿದು ಬಿಳಿ ಹೊಗೆಯಾಗಿ ಏಳುತ್ತದೆ. ಅದನ್ನು ಉಸಿರಾಡಿದವರಿಗೆ ಆ ಸಂಜೆ ಮಲೇರಿಯಾದಂತೆ ಚಳಿ ಜ್ವರ ಬರುತ್ತದೆ. ಹಾಲು ಕುಡಿದರೆ ಏನೂ ಆಗುವುದಿಲ್ಲ ಎಂದು ವೆಲ್ಡಿಂಗಿನವರು ಹೇಳುತ್ತಾರೆ. ಹಾಲಿಗೆ ಆ ಶಕ್ತಿಯಿಲ್ಲ, ಗಾಳಿಯಾಡುವ ಜಾಗ ಮತ್ತು ಸರಿಯಾದ ಮಾಸ್ಕ್ ಬೇಕು. ಸತು ಲೇಪದ ನೀರಿನ ಕೊಳವೆಗೂ ಇದೇ ಎಚ್ಚರಿಕೆ.

ತೆಳು ಹಿತ್ತಾಳೆಗೆ ತವರದ ಬೆಸುಗೆ ಸಾಕು. ತವರ, ಸೀಸ ಬೆರೆತ ಬೆಸುಗೆ 183 ಡಿಗ್ರಿಗೆ ಕರಗಲು ಆರಂಭಿಸುತ್ತದೆ. ಹೆಚ್ಚು ಬಲ ಬೇಕಾದಲ್ಲಿ ಬೆಳ್ಳಿ ಬೆರೆತ ಬೆಸುಗೆ. ಇದನ್ನು ಪುಸ್ತಕ ಓದಿ ಕಲಿಯುವುದಕ್ಕಿಂತ ಪಾತ್ರೆಗೆ ಕಲಾಯಿ ಹಾಕುವವರ ಪಕ್ಕ ಒಂದು ದಿನ ಕುಳಿತು ಕಲಿಯುವುದು ಮೇಲು. ಲೋಹ ಎಷ್ಟು ಕಾದಾಗ ನವಸಾಗರ ಹಾಕಬೇಕು, ಯಾವಾಗ ತವರ ತಾನಾಗಿ ಹರಿಯುತ್ತದೆ ಎಂಬುದು ಅವರಿಗೆ ಬಣ್ಣ ನೋಡಿಯೇ ಗೊತ್ತು. ಅಂಥವರು ಊರಲ್ಲಿ ಕಡಿಮೆಯಾಗುತ್ತಿದ್ದಾರೆ, ಕಲಿತದ್ದಕ್ಕೆ ದಕ್ಷಿಣೆ ಕೊಡಿ. ಹಳೆಯ ವಾದ್ಯದ ಬೆಸುಗೆಯಲ್ಲಿ ಸೀಸ ಇರುತ್ತದೆ ಎಂದುಕೊಂಡೇ ಕೆಲಸ ಮಾಡಿ, ಊಟಕ್ಕೆ ಮುಂಚೆ ಕೈ ತೊಳೆಯಿರಿ.

ಕೊಳವೆ ಬಾಗಿಸಬೇಕಿದ್ದರೆ ಕತ್ತಲೆ ಮೂಲೆಯಲ್ಲಿ ಮಬ್ಬುಗೆಂಪು ಕಾಣುವಷ್ಟು ಕಾಯಿಸಿ, ಆರಿಸಿ, ಒಣ ಮರಳು ಗಿಡಿದು ತುಂಬಿ, ಎರಡೂ ಬಾಯಿ ಮುಚ್ಚಿ ಬಾಗಿಸಿ. ಬರಿದಾದ ಕೊಳವೆ ಬಾಗುವುದಿಲ್ಲ, ಮಡಚಿಕೊಳ್ಳುತ್ತದೆ.

ಹಿತ್ತಾಳೆಯನ್ನು ಪಳಪಳ ಹೊಳೆಯುವಂತೆ ಮಾಡಿಕೊಡುತ್ತೀರಾ?

ಕೇಳಿದರೆ ಮಾಡಿಕೊಡುತ್ತೇನೆ, ಮನಸ್ಸಿಲ್ಲದ ಮನಸ್ಸಿನಿಂದ. ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜಿದರೆ ಕಿಲುಬು ಹೋಗುತ್ತದೆ, ಚೆನ್ನಾಗಿ ತೊಳೆದು ಒಣಗಿಸಿ ಮೇಣ ಹಚ್ಚಿದರೆ ಕೆಲಕಾಲ ಹೊಳಪೂ ನಿಲ್ಲುತ್ತದೆ. ವಾದಕನ ಬೆರಳು ತಾಗಿ ತಾಗಿ ಪಿಸ್ಟನ್ ಗುಂಡಿಯ ಮೇಲೆ ಬಿದ್ದ ತಗ್ಗು, ಬೆವರಿಗೆ ಕಪ್ಪಾದ ಹಿಡಿಕೆ ಮಾತ್ರ ಒಮ್ಮೆ ಉಜ್ಜಿಹೋದರೆ ಯಾವ ಪಾಲಿಶಿನಿಂದಲೂ ಮತ್ತೆ ಬರುವುದಿಲ್ಲ. ಚಿನ್ನದ ಬಣ್ಣದ ಸ್ಪ್ರೇ ಹೊಡೆಸಿಕೊಡಿ ಎನ್ನುವವರು ದಯವಿಟ್ಟು ಪ್ಲಾಸ್ಟಿಕ್ ಗೊಂಬೆ ಕೊಳ್ಳಿ, ಅಗ್ಗವಾಗುತ್ತದೆ.

ಬೀದರಿನ ಮಣ್ಣು ಹಚ್ಚಿದರೆ ನಮ್ಮ ಹಿತ್ತಾಳೆಯೂ ಬಿದರಿಯಂತೆ ಕಪ್ಪಾಗುತ್ತದೆಯೇ?

ಇಲ್ಲ. ಬಿದರಿ ಪಾತ್ರೆಯ ಲೋಹದಲ್ಲಿ ಬಹುಪಾಲು ಸತು, ಸ್ವಲ್ಪವೇ ತಾಮ್ರ. ಕೋಟೆಯ ಮಣ್ಣು ಮತ್ತು ನವಸಾಗರದ ಮಿಶ್ರಣದಿಂದ ಆ ಲೋಹ ಕಡುಕಪ್ಪಾಗುತ್ತದೆ, ಕೂರಿಸಿದ ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಆ ಕುಸುರಿಯ ಗುಟ್ಟೇ ಇದು. ತಾಮ್ರ ಹೆಚ್ಚಿರುವ ಹಿತ್ತಾಳೆಗೆ ಆ ಕಪ್ಪು ಹತ್ತುವುದಿಲ್ಲ. ಮಣ್ಣಿಗಾಗಿ ಕೋಟೆಯಲ್ಲಿ ಕೆದಕಲು ಹೋಗಬೇಡಿ, ಅದು ಸಂರಕ್ಷಿತ ಸ್ಮಾರಕ. ಬಿದರಿ ಬೇಕೇ? ಬೀದರಿನ ಕುಶಲಕರ್ಮಿಗಳಿಂದಲೇ ಒಂದು ತಟ್ಟೆಯನ್ನೋ ಗುಂಡಿಯನ್ನೋ ಮಾಡಿಸಿ ಶಿಲ್ಪದಲ್ಲಿ ಕೂರಿಸಿ. ಅವರಲ್ಲೊಬ್ಬರಾದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂತು.

ಆಕಾರ ಹೇಗೆ ಹೊಳೆಯುತ್ತದೆ? ಮೊದಲು ಚಿತ್ರ ಬರೆದುಕೊಳ್ಳುತ್ತೀರಾ?

ಬರೆದುಕೊಳ್ಳುವುದಿಲ್ಲ. ಚಿತ್ರ ಬರೆದುಕೊಂಡರೆ ಅದಕ್ಕೆ ತಕ್ಕ ತುಂಡು ಹುಡುಕಲು ಹೊರಡುತ್ತೇವೆ, ಸಿಗದಿದ್ದರೆ ಇದ್ದದ್ದನ್ನು ಕೊಯ್ದು ಹೊಂದಿಸುತ್ತೇವೆ. ಆಗ ಟ್ರಂಪೆಟ್ ಬರೀ ತಗಡಾಗುತ್ತದೆ. ನಾನು ಸಾಮಾನನ್ನು ನೆಲಕ್ಕೆ ಹರವಿ ವಾರಗಟ್ಟಲೆ ಹಾಗೆಯೇ ಬಿಡುತ್ತೇನೆ. ದಿನವೂ ದಾಟಿ ಓಡಾಡುವಾಗ ಎರಡು ವಸ್ತುಗಳ ನಡುವೆ ನಂಟು ತಾನಾಗಿ ಕಾಣುತ್ತದೆ. ಕೂರಿಗೆಯ ಬಟ್ಟಲಿನ ಬಾಯಿ ಮತ್ತು ಶಹನಾಯಿಯ ಬಾಯಿ ಒಂದೇ ಮನೆಯ ಮಕ್ಕಳು. ಒಂದರಿಂದ ಕಾಳು ಇಳಿಯುತ್ತದೆ, ಇನ್ನೊಂದರಿಂದ ಉಸಿರು ಬರುತ್ತದೆ. ಅಷ್ಟು ಕಂಡ ಮೇಲೆ ನನ್ನ ಕೆಲಸ ಬೋಲ್ಟು ಹಾಕುವುದು.

ಈ ದಾರಿ ಹೊಸದೇನಲ್ಲ. ಪಿಕಾಸೊ 1942ರಲ್ಲಿ ಸೈಕಲ್ಲಿನ ಸೀಟು ಮತ್ತು ಹ್ಯಾಂಡಲ್ ಎರಡನ್ನೇ ಜೋಡಿಸಿ ಹೋರಿಯ ತಲೆ ಮಾಡಿದರು. ಎರಡೇ ವಸ್ತು, ಏನನ್ನೂ ಕೊಯ್ದಿಲ್ಲ. ಸೀಟು ಸೀಟಾಗಿಯೂ ಕಾಣುತ್ತದೆ, ಹೋರಿಯ ಮೂತಿಯಾಗಿಯೂ ಕಾಣುತ್ತದೆ. ಫ್ರಾನ್ಸಿನಲ್ಲಿ ಹುಟ್ಟಿದ ಅರ್ಮಾನ್ ಇದಕ್ಕೆ ತದ್ವಿರುದ್ಧ. 1962ರಲ್ಲಿ ಪಿಯಾನೊ ಒಡೆದು ಅದರ ಚೂರುಗಳನ್ನು ಹಲಗೆಗೆ ಬಿಗಿದರು, ಪಿಟೀಲುಗಳನ್ನು ಹೋಳು ಹೋಳಾಗಿ ಸೀಳಿ ಇಟ್ಟರು. ಅವರ ಕೆಲಸ ದೊಡ್ಡದೆಂದು ಒಪ್ಪುತ್ತೇನೆ. ಒಂದು ಪೇಟಿಗಾಗಿ ಇಡೀ ಭಜನಾ ಮಂಡಳಿ ಚಂದಾ ಎತ್ತುವ ಊರಲ್ಲಿ ಕುಳಿತು ಹಾಗೆ ಮಾಡಲು ನನಗೆ ಕೈ ಏಳುವುದಿಲ್ಲ.

ನಮ್ಮವರಲ್ಲಿ ನೇಕ್ ಚಂದ್ ಅವರನ್ನು ನೋಡಿ. ಚಂಡೀಗಢದಲ್ಲಿ 1957ರಿಂದ ಯಾರಿಗೂ ಹೇಳದೆ ಒಡೆದ ಬಳೆ, ಪಿಂಗಾಣಿ, ಕಲ್ಲು ಕೂಡಿಸಿ ಕಟ್ಟುತ್ತಾ ಹೋದ ಲೋಕ 1976ರಲ್ಲಿ ಸಾರ್ವಜನಿಕ ಉದ್ಯಾನವಾಯಿತು. ಭದ್ರಾವತಿಯಲ್ಲಿ ಹುಟ್ಟಿದ ಶೀಲಾ ಗೌಡ ಅವರು ರಸ್ತೆ ಕೆಲಸದ ಡಾಂಬರು ಡ್ರಮ್ಮುಗಳಿಂದ ಕೃತಿ ಕಟ್ಟಿದ್ದಾರೆ. ಆ ಡ್ರಮ್ಮಿನ ಹಿಂದಿನ ದುಡಿಮೆ ಅಲ್ಲಿ ಮರೆಯಾಗುವುದಿಲ್ಲ. ನಾನು ಕಲಿಯಬಯಸುವುದು ಅದನ್ನೇ. ನಮ್ಮ ಹೆಣ್ಣುಮಕ್ಕಳ ತವರಿನ ತಂಬಿಗೆ, ಕೊಡಗಳ ಮೇಲೆ ಚುಕ್ಕೆ ಚುಕ್ಕೆಯಾಗಿ ಹೆಸರು ಕೊರೆಸಿರುತ್ತಾರಲ್ಲ, ಅಂಥ ತಂಬಿಗೆ ಶಿಲ್ಪಕ್ಕೆ ಬಂದರೆ ಹೆಸರಿನ ಬದಿಯನ್ನು ಹೊರಕ್ಕೆ ತಿರುಗಿಸಿ ಕೂರಿಸುತ್ತೇನೆ.

ನವಿಲು, ಕುದುರೆ, ಗಣಪತಿ ಬೇಕೇ ಬೇಕು ಎನ್ನುವವರು ಬಹಳ. ಸೊಂಡಿಲಿಗೆ ಸ್ಯಾಕ್ಸೋಫೋನ್ ಇಟ್ಟ ಗಣಪತಿ ಎಲ್ಲೆಡೆ ಆಗಿಹೋಗಿದೆ, ಇನ್ನು ಸಾಕು.

ಇದು ‘ಕಸದಿಂದ ರಸ’ ತಾನೇ?

ಅಲ್ಲ. ಪೇಟಿ ಕಸವಲ್ಲ.

ನಿಮ್ಮ ಶಿಲ್ಪಗಳಿಂದ ಶಬ್ದ ಬರುತ್ತದೆಯೇ?

ಕೆಲವಕ್ಕೆ ಬರುತ್ತದೆ. ಅಂದರೆ ಹಾಡು ಬರುವುದಿಲ್ಲ. ತಟ್ಟಿದರೆ, ಗಾಳಿ ಬೀಸಿದರೆ ಒಂದೆರಡು ಸ್ವರ. ಕೊಳವೆಗಳನ್ನು ತೂಗುಹಾಕುವವರಿಗೆ ಒಂದು ಲೆಕ್ಕ ಕೊಡುತ್ತೇನೆ. ಕೊಳವೆಯನ್ನು ತಟ್ಟಿದಾಗ ಅದರ ಮೈಯೆಲ್ಲ ನಡುಗುತ್ತದೆ, ಎರಡು ಜಾಗ ಮಾತ್ರ ಹೆಚ್ಚುಕಡಿಮೆ ಅಲುಗುವುದಿಲ್ಲ. ಆ ಜಾಗಗಳು ಎರಡೂ ತುದಿಯಿಂದ ಒಟ್ಟು ಉದ್ದದ ಶೇ 22.4ರಷ್ಟು ಒಳಗೆ ಇರುತ್ತವೆ. 50 ಸೆಂಟಿಮೀಟರಿನ ಕೊಳವೆಯಾದರೆ ತುದಿಯಿಂದ 11.2 ಸೆಂಟಿಮೀಟರಿಗೆ ತೂತು ಕೊರೆದು ದಾರ ಪೋಣಿಸಿ. ನಾದ ಉದ್ದಕ್ಕೆ ನಿಲ್ಲುತ್ತದೆ. ತುದಿಗೇ ಕಟ್ಟಿದರೆ ‘ಟಕ್’ ಎಂದು ಸತ್ತುಹೋಗುತ್ತದೆ.

ಪೇಟಿಯ ರೀಡು ಬರೀ ಗಾಳಿಗೆ ನುಡಿಯುತ್ತದೆಯೇ ಎಂದೂ ಕೇಳುತ್ತಾರೆ. ತೆರೆದ ಗಾಳಿ ಸಾಲದು. ಗಾಳಿಯನ್ನು ಹಿಡಿದು ಒತ್ತಡ ಕೊಡುವ ಪೆಟ್ಟಿಗೆ ಬೇಕು. ತಿದಿ ಇರುವುದೇ ಅದಕ್ಕೆ. ಅಂದಹಾಗೆ, ಪ್ಯಾರಿಸ್ಸಿನಲ್ಲಿ 1840ರ ದಶಕದಲ್ಲಿ ರೂಪ ಪಡೆದ ಈ ವಾದ್ಯ ಕಾಲಿನಿಂದ ತಿದಿ ಒತ್ತುವಂಥದ್ದಾಗಿತ್ತು. ನೆಲದ ಮೇಲೆ ಕುಳಿತು ಹಾಡುವ ನಮಗಾಗಿ ಕೋಲ್ಕತ್ತದಲ್ಲಿ ಕೈತಿದಿಯ ಪೇಟಿಯಾಯಿತು. ಇದು ನಮ್ಮ ಸಂಗೀತಕ್ಕೆ ಒಗ್ಗುವುದಿಲ್ಲವೆಂದು ಆಕಾಶವಾಣಿ 1940ರಿಂದ 1971ರವರೆಗೆ ಅದನ್ನು ಹೊರಗಿಟ್ಟಿತ್ತು. ನಮ್ಮ ಬಯಲಾಟದವರು, ಭಜನೆಯವರು ಆ ಮಾತಿಗೆ ಕಿವಿಗೊಡಲಿಲ್ಲ.

ಹಲಗೆ, ಚೌಡಿಕೆ, ಏಕತಾರಿಗಳನ್ನೂ ಬಳಸುತ್ತೀರಾ?

ಬಹಳ ಯೋಚಿಸಿ. ಚೌಡಿಕೆ ಎಂಬ ತಂತಿವಾದ್ಯ ಎಲ್ಲಮ್ಮನ ಭಕ್ತಿಗೆ ಸೇರಿದ್ದು. ಅದರ ಹಿಂದೆ ಭಕ್ತಿಯಷ್ಟೇ ಅಲ್ಲ, ದೇವಿಗೆ ಬಿಟ್ಟ ಹೆಣ್ಣುಮಕ್ಕಳ ಬಾಳಿನ ನೋವೂ ಇದೆ. ಯಾರದೋ ಬೈಠಕ್ ಖಾನೆಯ ಅಲಂಕಾರಕ್ಕೆಂದು ಅದನ್ನು ಕೊಟ್ಟಿಲ್ಲ, ಕೊಡುವುದೂ ಇಲ್ಲ. ಹಲಗೆ ಎಂಬ ಚರ್ಮವಾದ್ಯದ ವಿಷಯ ಇನ್ನೂ ಸೂಕ್ಷ್ಮ. ಅದನ್ನು ಹದ ಮಾಡಿದ ಕೈ, ಬಡಿದ ಕೈಗಳನ್ನು ಊರು ಹೊರಗೇ ನಿಲ್ಲಿಸಿತ್ತು. ಈಗ ಅದೇ ಹಲಗೆ ‘ಜಾನಪದ ಕಲಾಕೃತಿ’ಯಾಗಿ ಗೋಡೆಗೇರಿ, ಮಾಡಿದವರ ಹೆಸರು ಎಲ್ಲೂ ಇಲ್ಲದಿದ್ದರೆ ಅದು ಹಳೆಯ ಅನ್ಯಾಯದ ಹೊಸ ರೂಪ. ಬಡಿಯುವವರೇ ಒಪ್ಪಿ ಕೊಟ್ಟರೆ, ಬೆಲೆ ಪಡೆದರೆ, ಕೃತಿಯ ಫಲಕದಲ್ಲಿ ಅವರ ಹೆಸರೂ ಇದ್ದರೆ ಮಾತ್ರ ಬಳಸುತ್ತೇನೆ.

ಏಕತಾರಿ ನಮ್ಮ ಭಾಗದ ತತ್ವಪದಕಾರರ ಕೈಯಲ್ಲಿದ್ದ ವಾದ್ಯ. ನಮ್ಮ ಜಿಲ್ಲೆಯವರೇ ಆದ ಕಡಕೋಳ ಮಡಿವಾಳಪ್ಪನವರ ಪದಗಳನ್ನು ಇವತ್ತಿಗೂ ಅದರ ಜೊತೆ ಹಾಡುತ್ತಾರೆ. ಏಕತಾರಿಯನ್ನು ರಿಪೇರಿ ಮಾಡುವುದು ಸುಲಭ: ಬುರುಡೆ, ಬಿದಿರು, ತಂತಿ, ಬಿರಡೆ ಇಷ್ಟೇ. ಆದ್ದರಿಂದ ನನ್ನ ಬಳಿ ಬಂದ ಏಕತಾರಿಗಳು ಶಿಲ್ಪವಾಗದೆ ಹಾಡುವವರ ಕೈಗೇ ಮರಳುತ್ತವೆ.

ಗ್ರಾಮಫೋನ್ ಮತ್ತು ಹಳೆಯ ತಟ್ಟೆಗಳು?

ಮಾರುಕಟ್ಟೆಯಲ್ಲಿ ಕಾಣುವ ಹಿತ್ತಾಳೆ ಕಹಳೆಯ ‘ಪುರಾತನ’ ಗ್ರಾಮಫೋನುಗಳಲ್ಲಿ ಬಹುಪಾಲು ಈಚೆಗೆ ಕೂಡಿಸಿದವು. ಅವನ್ನು ಧಾರಾಳವಾಗಿ ಕೊಯ್ಯಿರಿ, ಪುರಾತನ ಬೆಲೆ ಮಾತ್ರ ಕೊಡಬೇಡಿ. ನಿಮಿಷಕ್ಕೆ 78 ಸುತ್ತು ತಿರುಗುವ ಕಪ್ಪು ತಟ್ಟೆಗಳು (ರೆಕಾರ್ಡುಗಳು) ಅರಗಿನಿಂದ ಆದವು, ಬಿಸಿನೀರಿಗೆ ಮೆತ್ತಗಾಗುತ್ತವೆ, ಬಟ್ಟಲಿನಂತೆ ಬಾಗಿಸಬಹುದು. ಬಾಗಿಸುವ ಮೊದಲು ಮೇಲಿನ ಚೀಟಿ ಓದಿ. ಹಳೆಯ ಗಾಯಕರ, ನಾಟಕದವರ ಧ್ವನಿ ಇದ್ದರೆ ಸಂಗ್ರಹಕಾರರಿಗೆ ತೋರಿಸಿ. ಬಿರುಕು ಬಿಟ್ಟ ತಟ್ಟೆ ಬೇಕಾದಷ್ಟು ಸಿಗುತ್ತದೆ.

ಪೀಠಕ್ಕೆ ಯಾವುದು ಒಳ್ಳೆಯದು?

ಶಹಾಬಾದಿನ ಫರಶಿ ಕಲ್ಲು ಮನೆಯಂಗಳದಲ್ಲೇ ಇರುವಾಗ ಬೇರೆ ಏಕೆ? ಭಾರವಿದೆ, ಬಣ್ಣ ತಣ್ಣಗಿದೆ, ಹಿತ್ತಾಳೆ ಅದರ ಮೇಲೆ ಎದ್ದು ಕಾಣುತ್ತದೆ. ಪದರ ಪದರವಾಗಿ ಬೆಳೆದ ಸುಣ್ಣಕಲ್ಲು ಅದು. ಡ್ರಿಲ್ಲನ್ನು ಸುತ್ತಿಗೆ ಹೊಡೆತದ (ಹ್ಯಾಮರ್) ಗುಂಡಿಗೆ ಹಾಕಬೇಡಿ, ಪದರ ಎದ್ದುಬಿಡುತ್ತದೆ. ಬರೀ ತಿರುಗುವ ವೇಗದಲ್ಲಿ, ನೀರು ಹನಿಸುತ್ತಾ ನಿಧಾನ ಕೊರೆಯಿರಿ. ಹುಣಸೆ, ನಿಂಬೆ ಹಚ್ಚಿ ಹಿತ್ತಾಳೆ ತೊಳೆಯುವುದಿದ್ದರೆ ಕಲ್ಲಿನಿಂದ ಬೇರ್ಪಡಿಸಿಯೇ ತೊಳೆಯಬೇಕು, ಹುಳಿ ಬಿದ್ದ ಜಾಗ ಬಿಳಿಚಿಕೊಳ್ಳುತ್ತದೆ.

ಬೆಲೆ ಹೇಗೆ ಹೇಳುತ್ತೀರಿ? ಗುಜರಿ ಸಾಮಾನಿಗೆ ಇಷ್ಟೊಂದೇಕೆ?

ಸಾಮಾನಿನ ಬೆಲೆ ಒಟ್ಟು ಬೆಲೆಯಲ್ಲಿ ಸಣ್ಣ ಪಾಲು. ವಾರಗಟ್ಟಲೆ ನೆಲದ ಮೇಲಿಟ್ಟುಕೊಂಡು ನೋಡಿದ ಸಮಯ, ರಿಪೇರಿಯವರಿಗೆ ತೋರಿಸಿದ ಖರ್ಚು, ಬೆಸುಗೆ, ಗ್ಯಾಸು, ಕಲ್ಲು, ಸಾಗಣೆ ಎಲ್ಲ ಸೇರುತ್ತದೆ. ಚೌಕಾಸಿ ಮಾಡಬಹುದು, ಕಿಲೋ ಲೆಕ್ಕದಲ್ಲಿ ಮಾತ್ರ ಬೇಡ. ಇಲ್ಲಿಯ ಕಲಾ ಕಾಲೇಜುಗಳ ವಿದ್ಯಾರ್ಥಿಗಳಿಗೆ ಹೇಳುವ ಮಾತು: ಮೊದಲ ಕೆಲಸವನ್ನು ಪುಕ್ಕಟೆ ಕೊಡಬೇಡಿ. ಎಸ್.ಎಂ. ಪಂಡಿತರಂಥ ಚಿತ್ರಕಾರರನ್ನು ಕೊಟ್ಟ ಊರಲ್ಲಿಯೂ ‘ನೆನಪಿಗೊಂದು ಮಾಡಿಕೊಡಪ್ಪ’ ಎನ್ನುವವರಿಗೆ ಕೊರತೆಯಿಲ್ಲ.

ಮನೆಯಲ್ಲಿಟ್ಟ ಮೇಲೆ ಹೇಗೆ ನೋಡಿಕೊಳ್ಳಬೇಕು?

ಏರ್ ಕೂಲರಿನ ಎದುರು ಇಡಬೇಡಿ. ನಮ್ಮ ಬೇಸಿಗೆಯ ಒಣಹವೆಗೆ ಮರ ಸೆಟೆದಿರುತ್ತದೆ, ಅದರ ಮೇಲೆ ಕೂಲರಿನ ತೇವದ ಗಾಳಿ ದಿನವೂ ಬಡಿದರೆ ಅಂಟಿಸಿದ ತೆಳುಪದರ ಏಳುತ್ತದೆ, ಕಬ್ಬಿಣ ತುಕ್ಕು ಹಿಡಿಯುತ್ತದೆ. ಧೂಳಿಗೆ ಒಣ ಕುಂಚ ಸಾಕು, ಒದ್ದೆ ಬಟ್ಟೆ ಬೇಡ. ಮರದ ಕೆಳಗೆ ಸಣ್ಣ ಹಿಟ್ಟಿನಂಥ ಹುಡಿ ಕಂಡರೆ ಒಳಗೆ ಹುಳು ಇದೆ ಎಂದರ್ಥ, ಉಳಿದ ಪೀಠೋಪಕರಣದಿಂದ ದೂರವಿಟ್ಟು ನನಗೆ ತಿಳಿಸಿ.

ನಮ್ಮ ಅಜ್ಜನ ಪೇಟಿ ಇದೆ. ಮನೆಯಲ್ಲಿ ನುಡಿಸುವವರಿಲ್ಲ. ಶಿಲ್ಪ ಮಾಡಿಕೊಡುತ್ತೀರಾ?

ತಂದು ತೋರಿಸಿ. ರಿಪೇರಿಯವರ ಬಳಿ ಮೊದಲು ಒಯ್ಯೋಣ. ನುಡಿಯುವಂತಿದ್ದರೆ ಅದನ್ನು ಕಲಿಯುವ ಮಕ್ಕಳಿರುವ ಶಾಲೆಗೋ ಮಠಕ್ಕೋ ಕೊಡಲು ಒಪ್ಪಿಸಲು ನೋಡುತ್ತೇನೆ. ನೀವು ಒಪ್ಪದಿದ್ದರೆ ಪೇಟಿ ನಿಮ್ಮದು, ಹಾಗೆಯೇ ಒಯ್ಯಬಹುದು. ನುಡಿಯದು ಎಂದಾದರೆ ಮಾಡಿಕೊಡುತ್ತೇನೆ, ಆದರೆ ಏನನ್ನೂ ಕೊಯ್ಯದೆ, ಬೋಲ್ಟು ಬಿಚ್ಚಿದರೆ ಪೇಟಿ ಮತ್ತೆ ಪೇಟಿಯಾಗುವಂತೆ. ಮನೆಯ ಎಲ್ಲರ ಒಪ್ಪಿಗೆ ಇರಬೇಕು. ಅಣ್ಣ ತಮ್ಮಂದಿರಲ್ಲಿ ಒಬ್ಬರು ತಂದುಕೊಟ್ಟು ಇನ್ನೊಬ್ಬರು ಜಗಳಕ್ಕೆ ಬಂದದ್ದುಂಟು, ಈಗ ಎಲ್ಲರ ಸಹಿ ಕೇಳುತ್ತೇನೆ.

ಬೇರೆ ಊರಿಗೆ ಕಳುಹಿಸುತ್ತೀರಾ?

ಬೀದರ್, ಯಾದಗಿರಿ, ರಾಯಚೂರಿಗೆ ಸಣ್ಣವನ್ನು ಬಸ್ ಪಾರ್ಸಲಿನಲ್ಲಿ ಕಳುಹಿಸುತ್ತೇನೆ. ಕಲ್ಲಿನ ಪೀಠ ಬೇರೆ, ಶಿಲ್ಪ ಬೇರೆಯಾಗಿ ಬರುತ್ತದೆ. ಬಿಗಿಯುವ ಪಾನಾ ಮತ್ತು ಯಾವ ಬೋಲ್ಟು ಎಲ್ಲಿಗೆ ಎಂಬ ಚೀಟಿ ಪೆಟ್ಟಿಗೆಯ ಒಳಗಿರುತ್ತವೆ. ಆಳೆತ್ತರದವನ್ನು ಕೊಳ್ಳುವವರೇ ವಾಹನ ತಂದು ಒಯ್ಯಬೇಕು. ಬರುವ ಮುಂಚೆ ಫೋನ್ ಮಾಡಿ. ಶುಕ್ರವಾರ ಗುಜರಿ ಸುತ್ತುವ ದಿನ, ಶೆಡ್ಡಿಗೆ ಬೀಗ ಇರುತ್ತದೆ.